ಮುನ್ನುಡಿ ಬರೆದು ಪುಸ್ತಕ ನಿಲ್ಲಿಸಿದ ಟೀಚರ್

ಟೀಚರ್ ತೀರಿಕೊಂಡ ಮೇಲೆ ಪುತ್ತೂರಿನಲ್ಲಿ ನುಡಿನಮನ ಇಟ್ಟುಕೊಂಡಿದ್ದರು. ಒಂಬತ್ತು ಮಂದಿ ಮಾತಾಡಿದರು. ಒಂಬತ್ತು ಮಂದಿಯೂ ಹೇಳಿದ್ದು ಒಂದೇ: ಅವರು ಯಾರ ಪುಸ್ತಕಕ್ಕೂ ಕೆಟ್ಟ ಮಾತು ಬರೆದವರಲ್ಲ, ಹೊಸಬರ ಬೆನ್ನು ತಟ್ಟಿದವರು, ಕರುಣಾಮಯಿ. ಹತ್ತನೆಯವನಾಗಿ ನನ್ನನ್ನು ಕರೆದರು. ನಾನು ಎದ್ದು, “ನನ್ನ ಪುಸ್ತಕಕ್ಕೆ ಬರೆದಿದ್ದಾರೆ” ಎಂದೆ. ಅರ್ಧ ಸಭೆ ನಕ್ಕಿತು. ನನ್ನ ಪುಸ್ತಕ ಬಿಡುಗಡೆಯ ದಿನ ಹಾಜರಿದ್ದ ಉಳಿದರ್ಧ ನಗಲಿಲ್ಲ. ಕೊಟ್ಟ ಮೂರು ನಿಮಿಷದಲ್ಲಿ ಮುಗಿಯುವ ಕತೆ ಅದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಹೇಳುವುದಿಲ್ಲ. ಮುನ್ನುಡಿಯ ಕೆಳಗೆ ಬಿಟ್ಟರೆ ಬೇರೆಲ್ಲೂ ತನ್ನ ಹೆಸರು ಕಾಣುವುದು ಅವರಿಗೆ ಇಷ್ಟವಿರಲಿಲ್ಲ.

ನನ್ನದು ಪುತ್ತೂರಿನ ಬಸ್ ನಿಲ್ದಾಣದ ಹತ್ತಿರ ಒಂದು ಕನ್ನಡಕದ ಅಂಗಡಿ. ಹೈಸ್ಕೂಲಿನಿಂದ ನಿವೃತ್ತರಾದ ವರ್ಷ ಟೀಚರ್ ಅಲ್ಲಿಗೆ ಬಂದರು. ಬಿಳಿ ಕಾಟನ್ ಸೀರೆ, ಬಗಲಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಯಾರದೋ ಹಸ್ತಪ್ರತಿ. ಕುರ್ಚಿಯಲ್ಲಿ ಕೂರಿಸಿ ಗೋಡೆಯ ಅಕ್ಷರಗಳನ್ನು ಓದಿ ಎಂದೆ. ಕಣ್ಣು ಕಿರಿದು ಮಾಡಿ ನೋಡಿದರು.

“ಕಾಣ್ತದೆ. ಆದ್ರೆ ಇದ್ರಲ್ಲಿ ಎಂತ ಓದುದು? ಅರ್ಥವೇ ಇಲ್ಲವಲ್ಲ ಮಾರಾಯ್ರೆ.”

“ಅರ್ಥಕ್ಕಲ್ಲ ಟೀಚರ್, ಕಣ್ಣಿಗೆ.”

“ಅರ್ಥ ಇಲ್ಲದ್ದನ್ನು ಓದಿ ಓದಿಯೇ ನನ್ನ ಕಣ್ಣು ಈ ಗತಿಗೆ ಬಂದದ್ದು” ಎಂದರು.

ಕನ್ನಡಕ ಕೊಡುವುದು ನನ್ನಿಂದ ನಾಲ್ಕು ದಿನ ತಡವಾಯಿತು. ತೆಗೆದುಕೊಂಡು ಹೋಗಲು ಬಂದವರು ಒಂದು ರಟ್ಟು ಕೊಟ್ಟು ಹೋದರು. ಅದರಲ್ಲಿ ದೊಡ್ಡ ಅಕ್ಷರದಿಂದ ಸಣ್ಣ ಅಕ್ಷರಕ್ಕೆ ಇಳಿಯುವ ಹಾಗೆ ತಮ್ಮ ಕೈಯಾರೆ ಬರೆದಿದ್ದರು: ಈ ಅಂಗಡಿಯವರು ಒಳ್ಳೆಯವರು, ಆದರೆ ಹೇಳಿದ ದಿನ ಕನ್ನಡಕ ಕೊಡುವುದಿಲ್ಲ. ಅದನ್ನೇ ಗೋಡೆಗೆ ಹಾಕಿದೆ. ಕೊನೆಯ ಸಾಲಿಗೆ ಬಂದು ನಕ್ಕವರ ಕಣ್ಣು ಸರಿಯಿದೆ ಎಂದು ಇವತ್ತಿಗೂ ನನಗೆ ಕೂಡಲೇ ಗೊತ್ತಾಗುತ್ತದೆ.

ಪುತ್ತೂರು, ಸುಳ್ಯ, ಕಡಬ, ಈ ಮೂರು ತಾಲೂಕಿನಲ್ಲಿ ಪುಸ್ತಕ ತಂದವರೆಲ್ಲ ಮುನ್ನುಡಿಗೆ ಅವರ ಬಾಗಿಲಿಗೇ ಹೋಗುವುದು. ನಿವೃತ್ತ ಪೋಸ್ಟ್‌ಮಾಸ್ಟರರ ಕವನ, ನೆಲ್ಯಾಡಿಯ ರಬ್ಬರು ಕೃಷಿಕರೊಬ್ಬರು ಬರೆದ, ತಮ್ಮ ಅಜ್ಜ ಗಾಡಿ ಕಟ್ಟಿಕೊಂಡು ಕೇರಳದಿಂದ ಬಂದ ಕತೆ, ಶಾಲೆಯ ಸ್ಮರಣ ಸಂಚಿಕೆ, ಎಲ್ಲಕ್ಕೂ ಎರಡೇ ಪುಟ. ಇಲ್ಲ ಎಂದದ್ದಿಲ್ಲ. ಹೊಗಳಿಕೆಗೆ ಅವರದೇ ಒಂದು ಕ್ರಮ ಇತ್ತು. “ಇಡೀ ಪುಸ್ತಕದಲ್ಲಿ ಒಂದು ನಿಜವಾದ ಸಾಲು ಸಿಕ್ಕಿದ್ರೆ ಸಾಕು, ಅದರ ಮೇಲೆ ಎರಡು ಪುಟ ನಿಲ್ಲಿಸ್ತೇನೆ” ಎನ್ನುತ್ತಿದ್ದರು. ಪೋಸ್ಟ್‌ಮಾಸ್ಟರರ ಎಂಬತ್ತು ಕವನಗಳಲ್ಲಿ, ವಿಳಾಸದಾರ ತೀರಿಕೊಂಡ ಪತ್ರವನ್ನು ವಾಪಸು ಚೀಲಕ್ಕೆ ಹಾಕುವ ಒಂದು ಸಾಲು ಹಿಡಿದು ಬರೆದದ್ದನ್ನು ಓದಿ ಆ ಮನುಷ್ಯ ನನ್ನ ಅಂಗಡಿಯಲ್ಲಿ ಕೂತು ಕಣ್ಣೊರೆಸಿಕೊಂಡಿದ್ದರು. ಉಳಿದ ಎಪ್ಪತ್ತೊಂಬತ್ತರ ಬಗ್ಗೆ ಟೀಚರ್ ಏನೂ ಹೇಳಿಲ್ಲ ಎಂಬುದು ಅವರ ಗಮನಕ್ಕೆ ಬರಲೇ ಇಲ್ಲ.

ಮನೆಯಲ್ಲಿ ಬಂದು ಹೋಗುವವರ ಗಲಾಟೆ ಎಂದು ಅವರು ಓದುತ್ತಿದ್ದದ್ದು ಬಸ್ಸಿನಲ್ಲಿ. ಪುತ್ತೂರಿನಲ್ಲಿ ಸುಳ್ಯದ ಬಸ್ಸು ಹತ್ತಿ ಡ್ರೈವರನ ಹಿಂದಿನ ಕಿಟಕಿ ಸೀಟಿನಲ್ಲಿ ಕೂತರೆ, ಸುಳ್ಯದಲ್ಲಿ ಇಳಿಯದೆ ಅದೇ ಬಸ್ಸಿನಲ್ಲಿ ವಾಪಸು. ಪುಸ್ತಕದ ತೂಕವನ್ನೂ ಹಾಗೆಯೇ ಹೇಳುತ್ತಿದ್ದರು. “ಅದು ಕುಂಬ್ರ ದಾಟ್ಲಿಲ್ಲ” ಎಂದರೆ ಪುತ್ತೂರು ಬಿಟ್ಟ ಸ್ವಲ್ಪದರಲ್ಲೇ ಓದು ನಿಂತಿತು, ಕವಿಯ ಕತೆ ಮುಗಿಯಿತು. “ಜಾಲ್ಸೂರಿನವರೆಗೆ ಎಳೀತು” ಎಂದರೆ ಸುಳ್ಯ ಹತ್ತಿರವಾಗುವವರೆಗೆ ಓದಿಸಿಕೊಂಡಿತು, ಪರವಾಗಿಲ್ಲ. ಕತೆ ಕಾದಂಬರಿಯಾದರೆ ಅಂಚಿನಲ್ಲಿ ಹಸಿರು ಪೆನ್ನಿನಿಂದ ಒಂದು ಪ್ರಶ್ನೆ ಖಾಯಂ ಇರುತ್ತಿತ್ತು: ಇವರು ಊಟ ಮಾಡಿದ್ದು ಯಾವಾಗ? ಉಣ್ಣದ ಪಾತ್ರಗಳನ್ನು ಅವರು ನಂಬುತ್ತಿರಲಿಲ್ಲ. ಬರೆಯುವವರನ್ನೆಲ್ಲ ನೀವು ಎನ್ನುತ್ತಿದ್ದರು, ಹಳೆಯ ವಿದ್ಯಾರ್ಥಿಯಾದರೂ ಸರಿ.

ಇನ್ನು ನನ್ನ ಪುಸ್ತಕ. ಅದಕ್ಕೆ ಮೊದಲು ದಿನೇಶ ಯಾರೆಂದು ಹೇಳಬೇಕು.

ದಿನೇಶ ಐವರ್ನಾಡಿನವನು, ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಡ್ಯೂಟಿ ಬಿಟ್ಟು ನನ್ನ ಅಂಗಡಿಗೆ ಬರುತ್ತಿದ್ದ ಅವನ ಪರಿಚಯ ಟೀಚರಿಗೂ ಇತ್ತು. ನಾವಿಬ್ಬರೂ ಆಗ ಒಂಬತ್ತು ವರ್ಷದಿಂದ ಒಂದೇ ಬಾಡಿಗೆ ಮನೆಯಲ್ಲಿದ್ದೆವು. ಊರಿಗೆ ನಾವು ಬಾಡಿಗೆ ಹಂಚಿಕೊಂಡ ಇಬ್ಬರು ಬ್ರಹ್ಮಚಾರಿಗಳು. ನಾವು ಒಬ್ಬರಿಗೊಬ್ಬರು ಏನೆಂಬುದು ನಮಗೆ ಗೊತ್ತಿತ್ತು, ಬೇರೆಯವರಿಗೆ ಹೇಳಿರಲಿಲ್ಲ. ಕಾಣಿಯೂರಿನಿಂದ ಅಮ್ಮ ಫೋನು ಮಾಡಿ ಸುಳ್ಯದ ಕಡೆಯ ಒಂದು ಹುಡುಗಿಯ ಮಾತೆತ್ತಿದಾಗಲೆಲ್ಲ ನಾನು “ನೋಡುವ ಅಮ್ಮ” ಎನ್ನುತ್ತಿದ್ದೆ. ಆ ಒಂದು ಮಾತಿನಲ್ಲಿ ಎರಡು ವರ್ಷ ದೂಡಿದ್ದೆ.

ನಮ್ಮ ಹಿರಿಯರೆಲ್ಲ ಅತ್ತುಕೊಂಡು ಓದಿದ ಒಂದು ಹಳೆಯ ಕಾದಂಬರಿ ಉಂಟು. ದೊಡ್ಡ ಮನೆಯ ಹುಡುಗ ಬಡ ಹುಡುಗಿಯನ್ನು ಪ್ರೀತಿಸುತ್ತಾನೆ, ಹಿರಿಯರ ಮುಂದೆ ಬಾಯಿ ಬಿಡುವುದಿಲ್ಲ, ಹುಡುಗಿ ಕೆರೆಗೆ ಬೀಳುತ್ತಾಳೆ, ಅವನು ಹಿರಿಯರು ತೋರಿಸಿದವಳನ್ನು ಮದುವೆಯಾಗಿ ಕೆರೆದಂಡೆಯಲ್ಲಿ ನಿಟ್ಟುಸಿರು ಬಿಡುತ್ತಾನೆ. ಅದನ್ನು ಈ ಕಾಲಕ್ಕೆ ತಂದು, ಇಬ್ಬರು ಗಂಡಸರ ಪ್ರೇಮಕತೆಯಾಗಿ ಬರೆಯುವ ಹುಚ್ಚು ನನಗೆ ಹಿಡಿಯಿತು. ಕನ್ನಡಕದ ಅಂಗಡಿಯ ನಾನು ಪುಸ್ತಕದಲ್ಲಿ ಮಂಗಳೂರಿನ ಕಣ್ಣಿನ ಡಾಕ್ಟರನಾದೆ. ಹುಡುಗಿಯ ಜಾಗದಲ್ಲಿ ಬಸ್ ಡಿಪೋದ ಮೆಕ್ಯಾನಿಕ್ ಬಂದ. ಕೆರೆ ಇದ್ದಲ್ಲಿ ಕುಮಾರಧಾರೆ ಹರಿಯಿತು. ಉಳಿದದ್ದೆಲ್ಲ ಮೂಲದಲ್ಲಿ ಇದ್ದ ಹಾಗೆಯೇ. ಬರೆದು ಮುಗಿಸಿದಾಗ ಈ ಸೀಮೆಯಲ್ಲಿ ನನ್ನಷ್ಟು ಧೈರ್ಯದ ಲೇಖಕ ಇನ್ನೊಬ್ಬನಿಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ನಮ್ಮ ಕಡೆಯ ಲೇಖಕರು ಮಾಡುವ ತಪ್ಪನ್ನೇ ನಾನೂ ಮಾಡಿದೆ. ಟೀಚರ್ ಯಾರಿಗೂ ಇಲ್ಲ ಎಂದವರಲ್ಲವಾದ್ದರಿಂದ ಮುನ್ನುಡಿ ಕೈಗೆ ಬರುವ ಮೊದಲೇ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವುದು ಇಲ್ಲಿನ ರೂಢಿ. ಹಸ್ತಪ್ರತಿ ಅವರಿಗೆ ಕೊಟ್ಟ ಮರುದಿನವೇ ಸಭಾಭವನ ಗೊತ್ತು ಮಾಡಿದೆ, ಊಟಕ್ಕೆ ಹೇಳಿದೆ, ಮುನ್ನುಡಿ ಎಂದು ಅವರ ಹೆಸರು ಹಾಕಿಸಿ ಇನ್ನೂರು ಕಾರ್ಡು ಹಂಚಿದೆ. ಅಮ್ಮನಿಗೂ ಮಾವನಿಗೂ ಕಾಣಿಯೂರಿಗೆ ಹೋಗಿ ಕೈಯಾರೆ ಕೊಟ್ಟು ಬಂದೆ. ಒಳಗೆ ಏನಿದೆ ಎಂದು ಹೇಳಲಿಲ್ಲ. ಪುಸ್ತಕವೇ ಹೇಳಲಿ ಎಂಬ ಉಪಾಯ.

ಕಾರ್ಯಕ್ರಮಕ್ಕೆ ಐದು ದಿನ ಇರುವಾಗ ಮುನ್ನುಡಿ ಬಂತು. ಎರಡೇ ಪುಟ, ಯಾವತ್ತಿನ ದುಂಡಗಿನ ಅಕ್ಷರ. ಈಗ ನನಗೆ ಅದು ಬಾಯಿಪಾಠ:

“ಈ ಕಾದಂಬರಿ ನನಗೆ ನಿರಾಸೆ ತಂದಿದೆ. ಹಳೆಯ ಕಾದಂಬರಿಯ ಹುಡುಗಿಗೆ ಲೇಖಕರು ಪ್ಯಾಂಟು ತೊಡಿಸಿದ್ದಾರೆ, ಕೈಗೆ ಮೊಬೈಲು ಕೊಟ್ಟಿದ್ದಾರೆ. ಅವಳ ಹಣೆಬರಹವನ್ನು ಮಾತ್ರ ಹಾಗೆಯೇ ಇಟ್ಟಿದ್ದಾರೆ. ಇನ್ನೂರ ಹದಿನಾಲ್ಕು ಪುಟಗಳಲ್ಲಿ ಪ್ರೇಮಿಗಳು ಏಳು ಬಾರಿ ಅಳುತ್ತಾರೆ, ಒಮ್ಮೆಯೂ ಜೊತೆಗೆ ಕೂತು ಉಣ್ಣುವುದಿಲ್ಲ. ಹಳೆಯ ಕಾದಂಬರಿಕಾರರಿಗೆ ನಾಯಕಿಯನ್ನು ಬದುಕಿಸಲು ಅವರ ಕಾಲ ಬಿಡಲಿಲ್ಲ. ಈ ಲೇಖಕರ ಕೈ ಹಿಡಿದವರು ಯಾರು? ಮೆಕ್ಯಾನಿಕ್ ಹುಡುಗ ಕೆಲಸ ಬಿಟ್ಟು ಬಂದು ಕೈಯ ಗ್ರೀಸಿಗೆ ತೆಂಗಿನೆಣ್ಣೆ ಹಚ್ಚಿ ತಿಕ್ಕುವ ಒಂದು ಪುಟ ನಿಜವಾಗಿದೆ. ಅದನ್ನು ಬರೆದವರಿಗೆ ಉಳಿದದ್ದೂ ಗೊತ್ತಿದೆ, ಹೇಳಲು ಮನಸ್ಸಿಲ್ಲ. ಲೇಖಕರು ಸುಳ್ಳು ಹೇಳುವುದರಲ್ಲಿ ಇನ್ನೂ ಪಳಗಿಲ್ಲ ಎಂಬುದೊಂದೇ ನನ್ನ ಭರವಸೆ.”

ಅಂಗಡಿಯ ಶಟರು ಎಳೆದು ನೇರ ಅವರ ಮನೆಗೆ ಹೋದೆ. ಜಗಲಿಯಲ್ಲಿ ಕೂತು ಬಸಳೆ ಸೊಪ್ಪು ಬಿಡಿಸುತ್ತಿದ್ದರು.

“ಟೀಚರ್, ನೇರ ಹೇಳಿ. ಇಬ್ಬರು ಗಂಡಸರ ಕತೆ ಅಂತ ನಿಮಗೆ ಆಗ್ಲಿಲ್ಲ. ಅಷ್ಟೇ ಅಲ್ವಾ?”

ಅವರು ಸೊಪ್ಪಿನಿಂದ ತಲೆ ಎತ್ತಲಿಲ್ಲ. “ಇಬ್ಬರು ಗಂಡಸರ ಕತೆ ಅಂತಲೇ ನಾನು ಆಸೆಯಿಂದ ಕೂತದ್ದು ಮಾರಾಯ್ರೆ. ಅಷ್ಟು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದ್ದೇನೆ, ಎಲ್ಲ ನಮೂನೆಯ ಮಕ್ಕಳನ್ನು ಕಂಡಿದ್ದೇನೆ. ಇಂಥವರ ಕತೆ ಯಾರಾದ್ರೂ ಒಬ್ಬರು ಸರಿಯಾಗಿ ಬರೀಲಿ ಅಂತ ನನಗೂ ಇತ್ತು. ನಿಮ್ಮ ಪುಸ್ತಕದಲ್ಲಿ ಇಬ್ಬರನ್ನೂ ಹುಡುಕಿದೆ. ಒಬ್ಬನೂ ಸಿಕ್ಲಿಲ್ಲ.”

“ಮೂಲದಲ್ಲಿ ಹಾಗೆ ಉಂಟು ಟೀಚರ್. ಕೊನೆಗೆ ಸಾಯ್ಬೇಕು.”

“ಮೂಲದಲ್ಲಿ ಎತ್ತಿನ ಗಾಡಿ ಉಂಟು. ಅದನ್ನು ಬಸ್ಸು ಮಾಡಿದ್ರಿ. ಕೆರೆಯನ್ನು ಹೊಳೆ ಮಾಡಿದ್ರಿ. ಸಾವನ್ನು ಮಾತ್ರ ಬದಲಿಸ್ಲಿಕ್ಕೆ ಆಗ್ಲಿಲ್ಲ?”

ಅವರೇ ಮುಂದುವರಿಸಿದರು. “ಆ ಮೆಕ್ಯಾನಿಕ್ ನಿಮ್ಮ ದಿನೇಶನೇ ಅಲ್ವಾ?”

ನಿಮ್ಮ ದಿನೇಶ ಎಂದು ಈ ಊರಿನಲ್ಲಿ ಯಾರೂ ಅಲ್ಲಿವರೆಗೆ ಅಂದದ್ದಿರಲಿಲ್ಲ. ನಾನು ಹೌದೆಂದು ತಲೆಯಾಡಿಸಿದೆ. ಭಯವಾಗಬೇಕಿತ್ತು, ಆಗಲಿಲ್ಲ. ಒಂಬತ್ತು ವರ್ಷದ ಮೇಲೆ ಯಾರೋ ನಮ್ಮಿಬ್ಬರನ್ನು ಒಟ್ಟಿಗೆ ಹೆಸರಿಸಿದರಲ್ಲ ಎಂದು ಸಂತೋಷವೇ ಆಯಿತು.

“ಅವ ಓದಿದ್ದಾನಾ?”

“ಓದಿದ್ದಾನೆ.”

“ಎಂತ ಹೇಳಿದ?”

“ಚಂದ ಉಂಟು ಅಂದ.”

ಟೀಚರ್ ಬಸಳೆಯನ್ನು ಬದಿಗಿಟ್ಟರು. “ಅವನನ್ನು ಹೊಳೆಗೆ ಹಾಕಿ, ನೀನು ಬೇರೆ ಮದುವೆ ಆಗಿ, ಅದನ್ನು ಪ್ರಿಂಟಿಗೆ ಕೊಟ್ಟಿದ್ದಿ. ಅವ ಚಂದ ಉಂಟು ಅಂತ ಹೇಳಿದ. ಮೊದಲು ಮನೆಗೆ ಹೋಗಿ ಅವನ ಹತ್ರ ಸರಿಯಾಗಿ ಕೇಳು. ಆಮೇಲೆ ನನ್ನ ಹತ್ರ ಜಗಳಕ್ಕೆ ಬಾ.” ನೀವು ಹೋಗಿ ನೀನು ಆದದ್ದು ಅವರಿಗೆ ಗೊತ್ತಾಯಿತೋ ಇಲ್ಲವೋ, ನನಗಂತೂ ನಾಟಿತು.

ಮನೆಯಲ್ಲಿ ದಿನೇಶ ಬಂಗುಡೆ ಹುರಿಯುತ್ತಿದ್ದ. ಪುಸ್ತಕದ ಬಗ್ಗೆ ನಿಜ ಹೇಳು ಎಂದೆ. ಅವನು ಮೀನು ಮಗುಚಿ ಹಾಕಿ, ಒಲೆ ಸಣ್ಣ ಮಾಡಿ, “ಮಡಿಕೇರಿ ಡಿಪೋಕ್ಕೆ ವರ್ಗ ಕೇಳಿ ಬರೆದು ಕೊಟ್ಟಿದ್ದೇನೆ. ಸೋಮವಾರ ಅರ್ಜಿ ಮೇಲಿನವರಿಗೆ ಹೋಗ್ತದೆ” ಎಂದ.

“ಯಾಕೆ?”

“ಸತ್ತವನಿಗೆ ಯಾವ ಡಿಪೋ ಆದ್ರೆ ಎಂತ?” ತಮಾಷೆಯ ಹಾಗೆ ಹೇಳಲು ನೋಡಿದ, ಆಗಲಿಲ್ಲ. “ನೀರಿಗೆ ಹಾಕಿದ್ದಕ್ಕೆ ಬೇಜಾರಿಲ್ಲ ಮಾರಾಯ. ನಾನು ಸತ್ತ ಎರಡೇ ಪುಟಕ್ಕೆ ನಿನಗೆ ಮದುವೆ. ನಿನ್ನ ಅಮ್ಮನ ಫೋನಿಗೆ ನೀನು ನೋಡುವ, ನೋಡುವ ಅನ್ನುದು ನನಗೂ ಕೇಳ್ತದೆ. ಅಮ್ಮನಿಗೆ ಸಮಾಧಾನ ಹೇಳುದು ಅಂತ ಇಷ್ಟು ದಿನ ಅಂದುಕೊಂಡೆ. ಪುಸ್ತಕ ಓದಿದ ಮೇಲೆ ಗೊತ್ತಾಯ್ತು, ನೀನು ನೋಡಿ ಆಗಿದೆ ಅಂತ.”

ನಾನು ಬರೆದದ್ದು ಧೈರ್ಯದ ಪುಸ್ತಕವಲ್ಲ ಎಂದು ನನಗೆ ಅರ್ಥವಾದದ್ದು ಆಗ, ಆ ಅಡಿಗೆಮನೆಯಲ್ಲಿ. ಮನೆಯವರಿಗೆ ಬಾಯಿ ಬಿಟ್ಟು ಹೇಳಲಾರದವನು ನಾನು. ಅದಕ್ಕೆ ಅವನನ್ನು ಪುಸ್ತಕದಲ್ಲಿ ಮುಗಿಸಿದ್ದೆ. ಹಳೆಯ ಕಾದಂಬರಿಯ ಮೇಲೆ ತಪ್ಪು ಹಾಕುವುದು ಸುಲಭವಾಗಿತ್ತು. ತಪ್ಪಾಯ್ತು ಎಂದೆ. ಅವನು, “ನನ್ನ ಹತ್ರ ಹೇಳಿ ಎಂತ ಪ್ರಯೋಜನ?” ಎಂದು ತಟ್ಟೆ ಇಟ್ಟ. ಅವತ್ತು ನಾವಿಬ್ಬರೂ ತಲೆ ತಗ್ಗಿಸಿ ಮೀನಿನ ಮುಳ್ಳು ಬಿಡಿಸುತ್ತಾ ಉಂಡೆವು.

ಮರುದಿನ ಪ್ರೆಸ್ಸಿಗೆ ಹೋಗಿ ಅಚ್ಚು ನಿಲ್ಲಿಸಿದೆ. ಟೀಚರಿಗೆ ಫೋನು ಮಾಡಿ ಕಾರ್ಯಕ್ರಮ ರದ್ದು ಎಂದೆ.

“ಅದು ಹೇಗಾಗ್ತದೆ? ಕರೆದವರನ್ನು ಬರಬೇಡಿ ಅನ್ನುದು ಮರ್ಯಾದೆ ಅಲ್ಲ. ಊಟಕ್ಕೆ ಹೇಳಿದ್ದೀರಲ್ಲ? ಬರ್ಲಿ.”

“ಬಿಡುಗಡೆ ಮಾಡ್ಲಿಕ್ಕೆ ಪುಸ್ತಕವೇ ಇಲ್ಲವಲ್ಲ ಟೀಚರ್.”

“ಮುನ್ನುಡಿ ಉಂಟಲ್ಲ” ಎಂದು ಫೋನು ಇಟ್ಟರು.

ಭಾನುವಾರ ಸಭಾಭವನದಲ್ಲಿ ನೂರಿಪ್ಪತ್ತು ಜನ. ಮೊದಲ ಸಾಲಿನಲ್ಲಿ ಅಮ್ಮ, ಪಕ್ಕದಲ್ಲಿ ಮಾವ. ವೇದಿಕೆಯಲ್ಲಿ ನಾನು ಮತ್ತು ಟೀಚರ್. ಪುಸ್ತಕ ನಿಲ್ಲಿಸಿದ್ದೇನೆ, ಯಾಕೆ ನಿಲ್ಲಿಸಿದೆ ಎಂಬುದು ಈ ಎರಡು ಪುಟದಲ್ಲಿದೆ ಎಂದು ಹೇಳಿ ಮುನ್ನುಡಿಯನ್ನು ಮೊದಲಿನಿಂದ ಕೊನೆವರೆಗೆ ಓದಿದೆ. ಕಾದಂಬರಿಯ ಕತೆಯನ್ನೂ ಹೇಳಿದೆ, ಅದರ ಮೆಕ್ಯಾನಿಕ್ ಯಾರೆಂಬುದನ್ನು ಮಾತ್ರ ಬಿಟ್ಟೆ. ಪಕ್ಕದಲ್ಲಿ ಟೀಚರ್ ಕನ್ನಡಕ ತೆಗೆದು ಅದರ ಕಡ್ಡಿಯಿಂದ ಮೊಣಕಾಲಿಗೆ ಮೆಲ್ಲಗೆ ತಟ್ಟುತ್ತಿದ್ದರು. ಮಕ್ಕಳು ಪದ್ಯ ಒಪ್ಪಿಸುವಾಗ ಅವರು ಹಾಗೆ ತಟ್ಟುತ್ತಿದ್ದರಂತೆ, ಅವರ ಹಳೆಯ ವಿದ್ಯಾರ್ಥಿಗಳು ಹೇಳಿದ್ದು.

ಓದಿ ಮುಗಿಸಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ನನ್ನ ಅಮ್ಮ ಹೆಚ್ಚು ಓದಿದವರಲ್ಲ, ಆದರೆ ಕೇಳಿದ್ದನ್ನು ಅರ್ಧ ತಿಳಿಯುವವರೂ ಅಲ್ಲ. ಕೂತಲ್ಲಿಂದಲೇ ಕೇಳಿದರು. “ಹಾಗಾದ್ರೆ ಸುಳ್ಯದವರಿಗೆ ನಾನು ಎಂತ ಹೇಳುದು?”

ನನ್ನ ಕೈಯಲ್ಲಿ ಮೈಕು ಇತ್ತು. “ಆಗುದಿಲ್ಲ ಅಂತ ಹೇಳಿ ಅಮ್ಮ.”

“ಯಾಕೆ ಅಂತ ಕೇಳಿದ್ರೆ?”

ಬಾಗಿಲ ಹತ್ತಿರ ದಿನೇಶ ನಿಂತಿದ್ದ. ಡ್ಯೂಟಿ ಮುಗಿಸಿ ಡಿಪೋದಿಂದ ನೇರ ಬಂದವನು, ಅಂಗಿಯಲ್ಲಿ ಎಣ್ಣೆಯ ಕಲೆ. “ನನಗೆ ಜನ ಉಂಟು ಅಂತ ಹೇಳಿ. ಒಂಬತ್ತು ವರ್ಷ ಆಯ್ತು. ಅಲ್ಲಿ ಬಾಗಿಲಲ್ಲಿ ನಿಂತಿದ್ದಾನೆ.”

ನೂರಿಪ್ಪತ್ತು ತಲೆ ಬಾಗಿಲ ಕಡೆ ತಿರುಗಿತು. ಮಾವ ಎದ್ದು ಅವನ ಪಕ್ಕದಿಂದಲೇ ಹೊರಗೆ ಹೋದರು. ಹಿಂದಿನ ಸಾಲಿನಿಂದಲೂ ಹತ್ತು ಹನ್ನೆರಡು ಮಂದಿ ಎದ್ದರು. ಟೀಚರ್ ನನ್ನ ಕೈಯಿಂದ ಮೈಕು ತೆಗೆದುಕೊಂಡು, “ಸಭೆ ಮುಗೀತು. ಊಟ ರೆಡಿ ಉಂಟು. ಬಡಿಸ್ಲಿಕ್ಕೆ ಜನ ಕಡಿಮೆ ಇದ್ದಾರೆ, ದಿನೇಶ, ನೀನು ಒಂದು ಕೈ ಹಾಕು” ಎಂದರು. ಅವನು ಕೈ ತೊಳೆದುಕೊಂಡು ಬಂದು ಸಾರಿನ ಬಕೆಟು ಹಿಡಿದ.

ಅಮ್ಮ ಊಟಕ್ಕೆ ಕೂತರು. ನಾನು ಎದುರು ಹೋಗುವ ಧೈರ್ಯ ಮಾಡದೆ ಕಂಬದ ಹತ್ತಿರ ನಿಂತೆ. ದಿನೇಶ ಅವರ ಎಲೆಯ ಮುಂದೆ ಬಂದು ಏನು ಮಾಡುವುದೆಂದು ತೋಚದೆ ಮುಂದಿನ ಎಲೆಗೆ ಹೋಗಿಬಿಟ್ಟ. ಅಮ್ಮ ಅವನನ್ನು ಕರೆದು, “ಇಲ್ಲಿಗೆ ಸಾರು ಬರ್ಲಿಲ್ಲ” ಎಂದರು. ಅವನು ವಾಪಸು ಬಂದು ಬಡಿಸಿದ. ಅಷ್ಟೇ ಮಾತು. ಆಮೇಲೆ ಎಂಟು ತಿಂಗಳು ಅಮ್ಮ ನನಗೆ ಫೋನು ಮಾಡಲಿಲ್ಲ. ಈಗ ಮಾಡುತ್ತಾರೆ, ಅವನ ಕ್ಷೇಮವನ್ನೂ ಕೇಳುತ್ತಾರೆ. ಮಾವ ಇನ್ನೂ ಮಾತಾಡುವುದಿಲ್ಲ. ಸೋಮವಾರ ಬೆಳಿಗ್ಗೆ ದಿನೇಶ ಡಿಪೋಕ್ಕೆ ಹೋದವನೇ ಅರ್ಜಿ ವಾಪಸು ತೆಗೆದುಕೊಂಡ.

ಇದನ್ನೆಲ್ಲ ಮಾಡಿಸಿದ ಟೀಚರಿಗೆ ನಾನು ಥ್ಯಾಂಕ್ಸ್ ಹೇಳಲು ಹೋದರೆ, “ಎಂತಕ್ಕೆ? ನಾನು ಪುಸ್ತಕದ ಬಗ್ಗೆ ಮಾತ್ರ ಬರೆದದ್ದು” ಎಂದರು. ಅದು ವಿನಯವಲ್ಲ. ಅವರಿಗೆ ಕೆಟ್ಟ ಪುಸ್ತಕವೆಂದರೆ ಯಾರಿಗೋ ಆದ ಅನ್ಯಾಯ, ಅದನ್ನು ಸರಿ ಮಾಡುವುದು ಕನ್ನಡ ಟೀಚರರ ಕೆಲಸ. ಊರು ನಮ್ಮ ಬಗ್ಗೆ ಏನೇನೋ ಆಡಿಕೊಂಡಿತು. ಎರಡು ಮನೆಯವರು ನನ್ನ ಅಂಗಡಿಗೆ ಬರುವುದು ಬಿಟ್ಟರು. ಟೀಚರ್ ಮಾತ್ರ ಯಾರು ಏನು ಕೇಳಿದರೂ, ಆ ಪುಸ್ತಕ ಕುಂಬ್ರ ದಾಟಲಿಲ್ಲ ಎಂದೇ ಹೇಳುತ್ತಿದ್ದರು.

ಕೊನೆಯ ಎರಡು ವರ್ಷ ಅವರ ಕಣ್ಣು ಪೂರ್ತಿ ಮಸುಕಾಯಿತು. ಯಾವ ಕನ್ನಡಕವೂ ಉಪಯೋಗಕ್ಕೆ ಬಾರದ ಕಾಯಿಲೆ ಅದು. ಹಸ್ತಪ್ರತಿ ಬರುವುದು ನಿಲ್ಲಲಿಲ್ಲ. ವಾರದ ರಜೆಯ ದಿನ ದಿನೇಶ ಹೋಗಿ ಓದಿ ಹೇಳುತ್ತಿದ್ದ. ಅವನು ಕವನವನ್ನೂ ಬಿಡಿಭಾಗದ ಪಟ್ಟಿಯ ಹಾಗೆ ಓದುವವನು. ಟೀಚರಿಗೆ ಅದೇ ಬೇಕಿತ್ತು. “ಇವ ಓದುವಾಗ ಸುಳ್ಳು ಕೂಡಲೇ ಗೊತ್ತಾಗ್ತದೆ” ಎನ್ನುತ್ತಿದ್ದರು. ಹೋದ ವರ್ಷ ನಾನು ಕಾದಂಬರಿಯನ್ನು ಹೊಸದಾಗಿ ಬರೆಯಲು ಹಿಡಿದೆ, ಹಳೆಯ ಕಾದಂಬರಿಯನ್ನು ಪೂರ್ತಿ ಬಿಟ್ಟು. ಒಂದೊಂದೇ ಅಧ್ಯಾಯ ಅವನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೆ. ಆರನೆಯದನ್ನು ಅವರು ಇನ್ನೊಮ್ಮೆ ಓದಿಸಿದರಂತೆ.

ಅವರು ತೀರಿಕೊಳ್ಳುವುದಕ್ಕೆ ಎರಡು ವಾರ ಮೊದಲು ನಾನೂ ಜೊತೆಗೆ ಹೋಗಿದ್ದೆ. ಮಲಗಿಕೊಂಡೇ ಕೇಳುತ್ತಿದ್ದರು, ಸ್ವರ ತುಂಬಾ ಸಣ್ಣ ಆಗಿತ್ತು. ದಿನೇಶ ಹನ್ನೊಂದನೆಯ ಅಧ್ಯಾಯ ಓದಿ ಮುಗಿಸಿ ಹಾಳೆಗಳನ್ನು ಸರಿ ಮಾಡಿಟ್ಟ.

“ಮತ್ತೆ? ಕೊನೆಗೆ ಎಂತ ಆಗ್ತದೆ ಇವರಿಗೆ?”

ನಾನು ಬಾಯಿ ತೆರೆಯುವ ಮೊದಲೇ ದಿನೇಶ ಹೇಳಿದ. “ಕೊನೆ ಬರೆದಿಲ್ಲ ಟೀಚರ್. ನಾವು ಇನ್ನೂ ಇದ್ದೇವಲ್ಲ.”

ಟೀಚರ್ ಕೈ ಚಾಚಿ ತಡಕಾಡಿ ಮೊದಲು ಅವನ ಕೈ, ಆಮೇಲೆ ನನ್ನ ಕೈ ಹುಡುಕಿ ಹಿಡಿದರು.

“ಹಾಗಾದ್ರೆ ಕೊನೆ ಬರೆಯುದು ಬೇಡ. ಇಬ್ಬರೂ ಹಾಗೇ ಇರಿ.”